ಪದಚರ್ಚೆ: ವೈರಿಂಗಿಗೆ ಯಾರೋ ‘ಕೈ ಹಚ್ಚಿದ್ದಾರೆ’. ಆ ಕೈಕೆಲಸಕ್ಕೆ ಏನು ಹೆಸರು?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ನನ್ನದು ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ಅಂಗಡಿ. ಅಪ್ಪನ ಕಾಲದಿಂದ ನಡೆದು ಬಂದಿದೆ. ನನಗೊಂದು ಪದ ಬೇಕಾಗಿದೆ. ಯಾಕೆ ಬೇಕು ಅನ್ನೋದು ತಿಳಿಯಬೇಕಾದರೆ ಹೋದ ತಿಂಗಳು ಬಂದ ಒಂದು ಗಿಟಾರ್ ಆಂಪಿನ ಕತೆ ಮೊದಲು ಹೇಳಬೇಕು.

ಬೀದರ್ ಕಡೆಯ ಹುಡುಗ, ಚರ್ಚಿನಲ್ಲಿ ಗಿಟಾರ್ ನುಡಿಸುತ್ತಾನೆ. ಹೈದರಾಬಾದಿನಲ್ಲಿ ಒಂದು ಹಳೇ ವಾಲ್ವ್ ಆಂಪು (ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳಿರುವುದು) ಕೊಂಡಿದ್ದಾನೆ. ಅಪ್ಪನನ್ನೂ ಕರಕೊಂಡು ಬಂದಿದ್ದ. “ಕಾಕಾ, ದನಿ ಭಾಳ ಚಂದ ಅದರಿ. ಆದ್ರ ತಂತಿ ಮ್ಯಾಲ ಕೈ ಇಟ್ಟು ಮೈಕಿಗಿ ತುಟಿ ಹಚ್ಚಿದ್ರ ಜುಮ್ ಅಂತದ” ಅಂದ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪಿನ ಲೋಹದ ಪೆಟ್ಟಿಗೆಗೆ ಸೇರಿರುತ್ತವೆ. ಆ ಪೆಟ್ಟಿಗೆಗೆ ಅರ್ತ್ ಇಲ್ಲದಿದ್ದರೆ ತಂತಿಗೂ ಇಲ್ಲ. ಹಾಗಾಗಿ ಒಳಗೆ ಏನಿರಬಹುದು ಅಂತ ಆಗಲೇ ಅಂದಾಜು ಸಿಕ್ಕಿತ್ತು.

ಬಿಚ್ಚಿದೆ. ವಾಲ್ವ್ ಆಂಪಿನಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರುಗಳಲ್ಲಿ 300-400 ವೋಲ್ಟ್ ಉಳಿದಿರಬಹುದು. ಅದನ್ನು ಇಳಿಸಿದ ಮೇಲೇ ಕೈ ಒಳಗೆ ಹೋಗಬೇಕು. ಇಳಿಸಿ, ಕಂಪನಿಯ ನಕ್ಷೆಯನ್ನು ಪಕ್ಕದಲ್ಲಿ ಹರಡಿಕೊಂಡು ಒಂದೊಂದೇ ವೈರಿನ ಜಾಡು ಹಿಡಿದೆ. ಸ್ವಲ್ಪ ಹೊತ್ತಿಗೆ ನಕ್ಷೆ ಒಂದು ದಾರಿ, ವೈರು ಒಂದು ದಾರಿ ಆಯಿತು. ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗ ಇಣುಕಿ ನೋಡಿ, “ಕಾಕಾ, ಇದಕ್ಕ ಯಾರೋ ಕೈ ಹಚ್ಯಾರ” ಅಂದ.

ಈ ಮಾತನ್ನು ನಮ್ಮ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಆಡುತ್ತೇವೆ. ಆವತ್ತು ಮಾತ್ರ ಅದು ನನ್ನನ್ನು ಹಿಡಿದು ನಿಲ್ಲಿಸಿತು. ಯಾಕೆಂದರೆ ಆ ಪೆಟ್ಟಿಗೆಯೊಳಗೆ ಎರಡು ಕೈಗಳಿದ್ದವು.

ಒಂದು ಕೈ ಮೇನ್ಸ್ ಕಡೆ. ಹಸಿರು-ಹಳದಿ ಅರ್ತ್ ವೈರನ್ನು ಕತ್ತರಿಸಿ, ಹಿಂದಕ್ಕೆ ಮಡಚಿ, ಕರಿ ಟೇಪು ಸುತ್ತಿದ್ದರು. ಟೇಪಿನ ಅಂಟು ಕರಗಿ ಬೆರಳಿಗೆ ಮೆತ್ತುತ್ತಿತ್ತು. ಇದನ್ನು ಯಾಕೆ ಮಾಡುತ್ತಾರೆ ಅಂತ ಗೊತ್ತು. ಆಂಪ್ ಒಂದು ಸಾಕೆಟ್ಟಿನಲ್ಲಿ, ಮೈಕುಗಳು ಸೇರುವ ಮಿಕ್ಸರ್ ಇನ್ನೊಂದರಲ್ಲಿ ಇದ್ದು ಎರಡಕ್ಕೂ ಅರ್ತ್ ಇದ್ದರೆ ಕೆಲವು ಸಲ ಗುಂಯ್ ಅನ್ನುವ ದನಿ ಬರುತ್ತದೆ. ಅರ್ತ್ ಕಡಿದರೆ ಗುಂಯ್ ನಿಲ್ಲುತ್ತದೆ. ನುಡಿಸುವವನ ಜೀವಕ್ಕೆ ಇದ್ದ ಕಾವಲೂ ಹೋಗುತ್ತದೆ. ಅದು ಸಾಲದು ಅಂತ ಫ್ಯೂಸಿನ ಗಾಜಿನ ಮೇಲೆ ತಾಮ್ರದ ಎಳೆ ಸುತ್ತಿದ್ದರು.

ಇನ್ನೊಂದು ಕೈ ದನಿಯ ಕಡೆ. ಮೊದಲನೇ ವಾಲ್ವಿನ ಕ್ಯಾಥೋಡಿಗೆ (ಅದರ ಒಂದು ಕಾಲಿಗೆ) ನಕ್ಷೆಯಲ್ಲಿ 25 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ, ಒಳಗೆ ಇದ್ದದ್ದು 0.68. ಕೆಪಾಸಿಟರ್ ಇಷ್ಟು ಸಣ್ಣದಾದರೆ ದಪ್ಪ ದನಿಗೆ ಸಿಗುವ ಜೋರು ಇಳಿದು ಮೇಲಿನ ದನಿ ಮುಂದೆ ಬರುತ್ತದೆ. ಆಮೇಲೆ, ಸ್ಪೀಕರ್ ಕಡೆಯಿಂದ ಹಿಂದಿನ ವಾಲ್ವಿಗೆ ಮರಳುವ ಫೀಡ್‌ಬ್ಯಾಕ್ ವೈರನ್ನು ಬಿಚ್ಚಿದ್ದರು. ಬಿಚ್ಚಿದ ತುದಿಗೆ ಸ್ಲೀವ್ ತೊಡಿಸಿ, ಯಾವುದಕ್ಕೂ ತಾಗದ ಹಾಗೆ ಪಕ್ಕದ ವೈರುಗಳ ಕಟ್ಟಿಗೆ ದಾರದಿಂದ ಕಟ್ಟಿದ್ದರು. ಬೆಸುಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೆಲಸ ಬಲ್ಲ ಕೈ ಅದು. ಆದರೆ ಒಂದು ಅಕ್ಷರ ಬರೆದಿಟ್ಟಿರಲಿಲ್ಲ.

ನಾನು ಎಲ್ಲವನ್ನೂ ನಕ್ಷೆಯ ಪ್ರಕಾರ ಮಾಡಿಬಿಟ್ಟೆ. ಸೀರೀಸ್ ಬಲ್ಬಿನ ಮೇಲೆ (ಶಾರ್ಟ್ ಇದ್ದರೆ ತಿಳಿಯಲಿ ಅಂತ ಕರೆಂಟಿನ ದಾರಿಯಲ್ಲಿ ಒಂದು ಬಲ್ಬ್ ಇಟ್ಟು) ಹಚ್ಚಿ ನೋಡಿ, ಸರಿ ಇದೆ ಅಂತ ಬೀದರಿನ ಹುಡುಗನನ್ನು ಕರೆದೆ. ಎರಡು ಸಲ ತಂತಿ ಮೀಟಿದ. ಮುಖ ಬಾಡಿತು. “ಕಾಕಾ, ಇದು ನನ್ನ ಆಂಪ್ ಅಲ್ಲ” ಅಂದ. ಅವನು ಹೇಳಿದ್ದು ಖರೆ. ಫೀಡ್‌ಬ್ಯಾಕ್ ಮತ್ತೆ ಸೇರಿದಾಗ ದನಿ ತಿಳಿಯಾಯಿತು, ಬಿಗಿಯಾಯಿತು. ಅವನು ಮೆಚ್ಚಿ ತಗೊಂಡಿದ್ದ ಒರಟುತನ ಹೋಗಿತ್ತು. ಅದಕ್ಕೇ ಆ ವೈರನ್ನು ಮತ್ತೆ ಬಿಚ್ಚಿದೆ, 0.68 ಮತ್ತೆ ಹಾಕಿದೆ. ಅರ್ತ್ ಮಾತ್ರ ಬಿಚ್ಚಲಿಲ್ಲ. ಫ್ಯೂಸು ಹೊಸದು. ಗುಂಯ್ ಬರದ ಹಾಗೆ ಆಂಪನ್ನೂ ಮಿಕ್ಸರನ್ನೂ ಒಂದೇ ಬೋರ್ಡಿಗೆ ಹಚ್ಚಲು ಹೇಳಿದ್ದೇನೆ.

ಆವತ್ತೇ ತೀರ್ಮಾನ ಮಾಡಿದೆ. ನನ್ನ ಮೇಜಿನಿಂದ ಹೋಗುವ ಪ್ರತಿ ಆಂಪಿನ ಒಳಗೂ ಒಂದು ಚೀಟಿ ಅಂಟಿಸುತ್ತೇನೆ. ನಕ್ಷೆಗಿಂತ ಎಲ್ಲೆಲ್ಲಿ ಬೇರೆ ಇದೆ ಅನ್ನೋದನ್ನು ಕನ್ನಡದಲ್ಲೇ ಬರೆಯುತ್ತೇನೆ. ಮುಂದೆ ಬಿಚ್ಚುವವರಿಗೆ ನನ್ನ ಹಾಗೆ ದಿನಗಟ್ಟಲೆ ಹುಡುಕುವ ಕೆಲಸ ಬರಬಾರದು. ಚೀಟಿ ಬರೆಯಲು ಕೂತರೆ ತಲೆಬರಹಕ್ಕೇ ಪದ ಸಿಗಲಿಲ್ಲ.

‘ತಿದ್ದುಪಡಿ’ ಅಂತ ಮೊದಲು ಬರೆದೆ, ಹೊಡೆದು ಹಾಕಿದೆ. ನಮ್ಮ ಭಾಗದವರಿಗೆ ಈ ಪದ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿಯಿಂದ ಚೆನ್ನಾಗಿ ಪರಿಚಯ. ಅದು ಬಂದದ್ದು ಸಂವಿಧಾನದ 98ನೇ ತಿದ್ದುಪಡಿಯಿಂದ. ತಿದ್ದುಪಡಿ ಅಂದರೆ ಅದಕ್ಕೊಂದು ನಂಬರು ಇರುತ್ತದೆ, ತಾರೀಖು ಇರುತ್ತದೆ, ಬರಹದಲ್ಲಿ ಇರುತ್ತದೆ. ನನಗೆ ಬೇಕಾದ್ದು ಬರಹವೇ ಇಲ್ಲದ ಬದಲಾವಣೆಗೆ ಹೆಸರು. ಅಲ್ಲದೆ ‘ತಿದ್ದು’ ಅಂದರೆ ತಪ್ಪನ್ನು ಸರಿ ಮಾಡುವುದು. ಅರ್ತ್ ಕಡಿಯುವುದನ್ನು ತಿದ್ದುವುದು ಅಂತ ಹೇಗೆ ಬರೆಯಲಿ?

‘ಮಾರ್ಪಾಡು’ ಒಳ್ಳೇ ಪದ. ಆದರೆ ಅದರ ಹಿಂದೆ ಇರುವುದು ‘ಮಾರ್ಪಡು’, ಅಂದರೆ ತಾನಾಗಿ ಬೇರೆಯಾಗು. ಮಾಡಿದವರು ಅದರಲ್ಲಿ ಕಾಣುವುದಿಲ್ಲ. ವೈರು ತಾನಾಗಿ ಬಿಚ್ಚಿಕೊಂಡಿಲ್ಲ, ಯಾರೋ ಬಿಚ್ಚಿದ್ದಾರೆ. ‘ಜುಗಾಡ್’ ಎಲ್ಲರ ಬಾಯಲ್ಲೂ ಇದೆ, ಆದರೆ ಅದರಲ್ಲಿ ಇಲ್ಲದ್ದನ್ನು ಹೊಂದಿಸಿಕೊಳ್ಳುವ ಅರ್ಥ ಇದೆ. ‘ತ್ಯಾಪಿ’ ಹರಿದದ್ದಕ್ಕೆ ಹಚ್ಚುವುದು. ಇವೆರಡೂ ಆಗಲಿಲ್ಲ.

‘ಡೈರೆಕ್ಟ್’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಫ್ಯೂಸೋ ಸ್ವಿಚ್ಚೋ ನಡುವೆ ಇಲ್ಲದ ಹಾಗೆ ಕರೆಂಟ್ ಕೊಟ್ಟರೆ ಎಲ್ಲ ಮೆಕ್ಯಾನಿಕ್‌ಗಳೂ “ಡೈರೆಕ್ಟ್ ಮಾಡ್ಯಾರ” ಅಂತಾರೆ. ಇದನ್ನು ‘ನೇರ ಮಾಡಿದ್ದಾರೆ’ ಅಂತ ಕನ್ನಡ ಮಾಡಿದರೆ ಅರ್ಥ ಉಲ್ಟಾ ಆಗುತ್ತದೆ. ನೇರ ಮನುಷ್ಯ ಅಂದರೆ ಒಳ್ಳೆಯವನು. ನಮ್ಮ ಕಡೆ ‘ನೆಟ್ಟಗ ಮಾಡು’ ಅಂದರೆ ಸರಿಯಾಗಿ ಮಾಡು ಅಂತ. ಫ್ಯೂಸಿಗೆ ತಾಮ್ರ ಸುತ್ತಿದ್ದನ್ನು ನೇರ ಅಂತ ಬರೆದರೆ, ಓದಿದವರು ಅದು ಸರಿಯಾಗಿದೆ ಅಂದುಕೊಂಡಾರು. ಇಲ್ಲಿ ‘ಡೈರೆಕ್ಟ್’ ಹಾಗೇ ಇರಲಿ ಅನ್ನೋದು ನನ್ನ ಮತ.

ಇನ್ನು ‘ಕರಾಮತ್ತು’. ಕಲಬುರಗಿಯಲ್ಲಿ ಈ ಪದಕ್ಕೆ ಎರಡು ಬಾಳು. 1422ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದೇನವಾಜರ ದರ್ಗಾದಲ್ಲಿ ಹಿರಿಯರು ‘ಕರಾಮತ್’ ಅಂದರೆ ಸಂತರ ಪವಾಡ. ಅಂಗಡಿಯಲ್ಲಿ “ಏನೋ ಕರಾಮತ್ ಮಾಡ್ಯಾರ” ಅಂದರೆ ಕೈಚಳಕ. ಸ್ಲೀವ್ ತೊಡಿಸಿ ವೈರು ಕಟ್ಟಿದವರಿಗೆ ಈ ಪದ ಒಪ್ಪುತ್ತದೆ. ಅರ್ತ್ ಕಡಿದವರಿಗೆ ಒಪ್ಪುವುದಿಲ್ಲ.

ಹುಡುಗನ ಅಪ್ಪ ಒಂದು ಪದ ಕೊಟ್ಟರು. “ಇದ್ರಾಗ ಭಾಳ ಫೇರಫಾರ ಆಗ್ಯಾದ್ರಿ” ಅಂದರು. ಅವರ ಊರು ಮಹಾರಾಷ್ಟ್ರದ ಗಡಿಗೆ ಹತ್ತಿರ. ಮರಾಠಿಯಲ್ಲಿ ಫೇರಫಾರ ಅಂದರೆ ಬದಲಾವಣೆ. ಹೊಲ ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋದಾಗ ದಫ್ತರದಲ್ಲಿ ಬರೆಯುವ ನಮೂದಿಗೂ ಅದೇ ಹೆಸರು. ಕೇಳಿ ಖುಷಿಯಾಯಿತು. ಮಾಡಿದ ಬದಲಾವಣೆ, ಅದನ್ನು ಬರೆದಿಡುವುದು, ಎರಡೂ ಒಂದೇ ಪದದಲ್ಲಿ! ಆದರೆ ಯಾದಗಿರಿ ಜಿಲ್ಲೆಯ ಸುರಪುರದ ಒಬ್ಬ ಗಿರಾಕಿಗೆ ಓದಿ ತೋರಿಸಿದೆ. ಅವರಿಗೆ ತಿಳಿಯಲಿಲ್ಲ. ಚೀಟಿ ಯಾದಗಿರಿಯಲ್ಲೂ ಓದುವ ಹಾಗಿರಬೇಕು ಅಲ್ವಾ?

ಸುತ್ತಿ ಸುತ್ತಿ ಅಂಗಡಿಯ ಹುಡುಗನ ಮಾತಿಗೇ ಬಂದಿದ್ದೇನೆ. ‘ಹಚ್ಚು’ ನಮ್ಮ ಕಡೆ ಭಾಳ ದುಡಿಯುವ ಪದ. ದೀಪ ಹಚ್ಚುತ್ತೇವೆ, ಫ್ಯಾನ್ ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ, ಗೋಡೆಗೆ ಬಣ್ಣ ಹಚ್ಚುತ್ತೇವೆ. ‘ವೈರ್ ಹಚ್ಚು’ ಅಂದರೆ ಜೋಡಿಸು. ‘ಆಂಪ್ ಹಚ್ಚು’ ಅಂದರೆ ಚಾಲೂ ಮಾಡು. ‘ಕೆಲಸಕ್ಕ ಕೈ ಹಚ್ಚು’ ಅಂದರೆ ಶುರು ಮಾಡು. ‘ಅದಕ್ಕ ಕೈ ಹಚ್ಚಬ್ಯಾಡ’ ಅಂದರೆ ಮುಟ್ಟಬೇಡ. ಹಾಗಾಗಿ ‘ಕೈ ಹಚ್ಯಾರ’ ಅನ್ನುವ ಮಾತಿನಲ್ಲಿ ಬೈಗುಳ ಇರಲೇಬೇಕಂತಿಲ್ಲ. ಮಾಡಿದವರು ಇದ್ದಾರೆ ಅನ್ನೋದು ಮಾತ್ರ ಖಂಡಿತ ಇದೆ, ಪದದೊಳಗೇ ಕೈ ಇದೆ. ‘ಮಾರ್ಪಾಡು’ ಕೊಡದಿದ್ದದ್ದು ಇದೇ.

‘ಕೈಯಾಡಿಸು’ ಕೂಡ ಹತ್ತಿರದ ಪದ. ತಂಗಿಗೆ ಹೇಳಿದೆ. ಅವಳು, “ಅದು ಉಪ್ಪಿಟ್ಟಿಗೆ ಹೇಳೋ ಮಾತು” ಅಂದಳು. ಖರೆ, ಅಡುಗೆ ಬರೆಯುವವರೆಲ್ಲ ಸಣ್ಣ ಉರಿಯಲ್ಲಿ ಕೈಯಾಡಿಸಿ ಅಂತಲೇ ಬರೆಯುತ್ತಾರೆ.

ಈಗ ನನ್ನ ಪ್ರಶ್ನೆ. ‘ಕೈ ಹಚ್ಚು’ ಮಾತಿಗೆ ಸರಿ. ಚೀಟಿಯ ಮೇಲೆ ಬರೆಯಲು ಹೆಸರುಪದ ಬೇಕು. ‘ಕೈಹಚ್ಚಿಕೆ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಮೈಸೂರು, ಮಂಗಳೂರು ಕಡೆಯ ಮೆಕ್ಯಾನಿಕ್‌ಗಳು ಇಂಥದ್ದನ್ನು ಕಂಡಾಗ ಏನಂತಾರೆ? ಮಗ್ಗ, ಪಂಪ್‌ಸೆಟ್, ಹಾರ್ಮೋನಿಯಂ ರಿಪೇರಿ ಮಾಡುವವರ ಬಾಯಲ್ಲಿ ಇದಕ್ಕೆ ಹಳೇ ಪದ ಇದ್ದರೆ ಇನ್ನೂ ಒಳ್ಳೇದು. ಬೇಕಂತಲೇ ಮಾಡಿದ ಒಳ್ಳೇ ಬದಲಾವಣೆಗೆ ಒಂದು, ಕಾವಲು ತೆಗೆದದ್ದಕ್ಕೆ ಇನ್ನೊಂದು, ಹೀಗೆ ಬೇರೆ ಬೇರೆ ಪದ ಬಳಸುವವರು ಇದ್ದರೆ ದಯವಿಟ್ಟು ಬರೆಯಿರಿ. ಸುಮ್ನೆ ಹೊಸದಾಗಿ ಕಟ್ಟಿದ ಪದಕ್ಕಿಂತ ಯಾರಾದರೂ ದಿನಾ ಆಡುವ ಪದ ನನಗೆ ಬೇಕು.

ಹುಡುಗ ಮುಂದಿನ ಶನಿವಾರ ಆಂಪ್ ಒಯ್ಯಲು ಬರುತ್ತಾನೆ. ಚೀಟಿ ತಯಾರಿದೆ:

“ಮೊದಲ ವಾಲ್ವ್ ಕ್ಯಾಥೋಡ್: 25 ಇರಬೇಕಾದ ಕಡೆ 0.68. ಫೀಡ್‌ಬ್ಯಾಕ್ ವೈರ್: ಬಿಚ್ಚಿದೆ, ಬೇಕಂತಲೇ. ಅರ್ತ್: ಮತ್ತೆ ಹಚ್ಚಿದೆ, ಕಡಿಯಬೇಡಿ.”

ಮೇಲಿನ ಸಾಲು ಖಾಲಿ ಬಿಟ್ಟಿದ್ದೇನೆ.