ಕೋಟ್ ದ್ಯು ರೋನ್ ಕೆಂಪು ವೈನ್‌ಗೆ ನಮ್ಮ ಕಡೆಯ ಯಾವ ಅಡುಗೆ ಹೊಂದುತ್ತದೆ?

ಮಂಜೇಶ್ವರದವಳು:
ಭಾವ ದುಬಾಯಿಯಿಂದ ಬರುವಾಗ ಒಂದು ಬಾಟಲಿ ಫ್ರೆಂಚ್ ಕೆಂಪು ವೈನ್ ತಂದಿದ್ದಾರೆ. ಲೇಬಲ್‌ನಲ್ಲಿ ‘ಕೋಟ್ ದ್ಯು ರೋನ್’ ಎಂದಿದೆ. ಹಿಂಬದಿಯಲ್ಲಿ ಗ್ರೆನಾಶ್, ಸಿರಾ, ಮೂರ್ವೆದ್ರ್ ಎಂದು ಮೂರು ದ್ರಾಕ್ಷಿಗಳ ಹೆಸರಿದೆ, ಆಲ್ಕೋಹಾಲ್ ಶೇ. 14.5. ಭಾನುವಾರ ಅಕ್ಕನ ಮನೆಯವರು ಮಧ್ಯಾಹ್ನದ ಊಟಕ್ಕೆ ಬರುತ್ತಾರೆ. ಬಂಗುಡೆ ಪುಳಿಮುಂಚಿ (ಹುಣಸೆ, ಒಣಮೆಣಸು ಹಾಕಿದ ಮೀನು ಸಾರು) ಮತ್ತು ಕೋರಿ ರೊಟ್ಟಿ (ಗರಿಗರಿ ಅಕ್ಕಿ ರೊಟ್ಟಿ, ಕೋಳಿ ಸಾರು) ಮಾಡುವುದೆಂದುಕೊಂಡಿದ್ದೇನೆ. ಇವು ಈ ವೈನ್‌ಗೆ ಸರಿಯಾಗುತ್ತವೆಯೇ? ಇಬ್ಬರು ಮಾಂಸ, ಮೀನು ಮುಟ್ಟುವವರಲ್ಲ. ಅವರಿಗೇನು ಮಾಡಲಿ?

ಉಪ್ಪಳದ ಹಳೆಯ ಬಾಣಸಿಗ:
ತಂಗೀ, ಪುಳಿಮುಂಚಿಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ನಾನು ಪ್ರವಾಸಿ ಹಡಗುಗಳ ಅಡುಗೆಮನೆಯಲ್ಲಿ ದುಡಿದವನು, ಈ ವೈನ್ ನನಗೆ ಬಹಳ ಇಷ್ಟ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಕೆಂಪು ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯೊಂದಿಗೆ ಸೇರಿದರೆ ಬಾಯಲ್ಲಿ ಲೋಹದ ರುಚಿ, ಹಸಿ ಮೀನಿನ ವಾಸನೆ ಉಳಿಯುತ್ತದೆ. ಬಂಗುಡೆಯಂತಹ ಎಣ್ಣೆ ಮೀನಿನಲ್ಲಿ ಇದು ಇನ್ನೂ ಜಾಸ್ತಿ. ಜೊತೆಗೆ ಹುಣಸೆಹುಳಿ. ಗ್ರೆನಾಶ್‌ನಲ್ಲಿ ಹುಳಿ ಮೊದಲೇ ಕಡಿಮೆ, ಹುಳಿ ಸಾರಿನ ಮುಂದೆ ವೈನ್ ಸಪ್ಪೆಯಾಗಿಬಿಡುತ್ತದೆ. ಇನ್ನು ಶೇ. 14.5 ಆಲ್ಕೋಹಾಲ್ ಒಣಮೆಣಸಿನ ಉರಿಯನ್ನು ಕೆದಕುತ್ತದೆ. ಎರಡು ತುತ್ತಿನಲ್ಲಿ ಅತಿಥಿಗಳು ನೀರು ಕೇಳುತ್ತಾರೆ.

ಈ ವೈನ್ ಕೇಳುವುದು ಒಳ್ಳೆಮೆಣಸನ್ನು, ಅಂದರೆ ಕಾಳುಮೆಣಸನ್ನು. ಸಿರಾ ದ್ರಾಕ್ಷಿಯ ಸಿಪ್ಪೆಯಲ್ಲಿ ರೊಟಂಡೋನ್ ಎಂಬ ಸುವಾಸನೆಯ ಅಂಶವಿದೆ. ನಮ್ಮ ಅಡಿಕೆ ಮರಗಳಿಗೆ ಹಬ್ಬಿರುವ ಬಳ್ಳಿಯ ಒಳ್ಳೆಮೆಣಸಿನ ಘಮಕ್ಕೂ ಅದೇ ಅಂಶ ಕಾರಣ. ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು 2008ರಲ್ಲಿ ತೋರಿಸಿಕೊಟ್ಟರು. ಗ್ರೆನಾಶ್ ಮಾಗಿದ ಹಣ್ಣಿನ ರುಚಿಯನ್ನೂ ಮೈಬಿಸಿಯನ್ನೂ ಕೊಡುತ್ತದೆ, ತಡವಾಗಿ ಹಣ್ಣಾಗುವ ಮೂರ್ವೆದ್ರ್ ಬಿಗಿಯನ್ನೂ ಮಾಂಸದಂತಹ ಗಾಢತೆಯನ್ನೂ. ಈ ವೈನಿನ ತವರಾದ, ಫ್ರಾನ್ಸಿನ ಆವಿನ್ಯೋಂ ಊರಿನ ಸುತ್ತಲಿನ ರೋನ್ ಕಣಿವೆಯವರು ಇದನ್ನು ಕುರಿ ಮಾಂಸದೊಂದಿಗೆ, ವೈನ್‌ನಲ್ಲೇ ನಿಧಾನವಾಗಿ ಬೇಯಿಸಿದ ದನದ ಮಾಂಸದೊಂದಿಗೆ ಕುಡಿಯುತ್ತಾರೆ.

ಆದ್ದರಿಂದ ಆಡಿನ ಮಾಂಸದ ಸುಕ್ಕ (ಸಾರಿಲ್ಲದ ಒಣ ಅಡುಗೆ) ಮಾಡಿ. ಒಂದು ಕಿಲೋ ಮಾಂಸಕ್ಕೆ ಒಂದೂವರೆ ಚಮಚ ಒಳ್ಳೆಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆಯನ್ನು ಬೇರೆಯಾಗಿ ಹುರಿಯಿರಿ. ಬಣ್ಣಕ್ಕೆ ಮೂರು ಬ್ಯಾಡಗಿ ಮೆಣಸು ಸಾಕು. ತೆಂಗಿನತುರಿಯನ್ನು ಬೆಳ್ಳುಳ್ಳಿಯೊಂದಿಗೆ ಕಂದು ಬಣ್ಣ ಬರುವವರೆಗೆ ಹುರಿಯಿರಿ. ಹುಣಸೆ ಬೇಡವೇ ಬೇಡ. ಒಲೆಯಿಂದ ಇಳಿಸುವ ಮುನ್ನ ಇನ್ನರ್ಧ ಚಮಚ ಒಳ್ಳೆಮೆಣಸನ್ನು ತರಿಯಾಗಿ ಕುಟ್ಟಿ ಉದುರಿಸಿ. ಆ ಕೊನೆಯ ಉದುರಿಸುವಿಕೆಯನ್ನು ಬಿಡಬೇಡಿ. ಕುಟ್ಟಿದ ಹೊತ್ತಿನ ಘಮವೇ ವೈನ್‌ನ ಘಮವನ್ನು ಎತ್ತಿಹಿಡಿಯುವುದು.

ಬದಿಯಡ್ಕದ ಕೃಷಿಕ:
ಸಸ್ಯಾಹಾರಿಗಳಿಗೆ ಗುಜ್ಜೆ (ಎಳೆ ಹಲಸಿನಕಾಯಿ) ಸುಕ್ಕ ಮಾಡಿ, ಅಕ್ಕ. ಈಗ ಗುಜ್ಜೆಯ ಕಾಲ. ಬೀಜ ಬಲಿಯದ ಎಳೆಯದನ್ನೇ ಆರಿಸಿ, ಎಣ್ಣೆ ಸವರಿದ ಕತ್ತಿಯಿಂದ ಹೆಚ್ಚಿ. ಅದೇ ಮಸಾಲೆಯನ್ನು ಬೇರೆ ಬಾಣಲೆಯಲ್ಲಿ ಹಾಕಿದರೆ ಸರಿಹೋಗುತ್ತದೆ. ಒಳ್ಳೆಮೆಣಸು ಪಣಿಯೂರು ತಳಿಯದೋ ಕರಿಮುಂಡವೋ, ನಿಮ್ಮ ಮನೆಯಲ್ಲಿ ಇರುವುದು ನಡೆಯುತ್ತದೆ, ಆದರೆ ಹೊಸ ಬೆಳೆಯದಾಗಿರಲಿ. ಡಬ್ಬಿಯಲ್ಲಿ ವರ್ಷಗಟ್ಟಲೆ ಕುಳಿತ ಪುಡಿಗೆ ಖಾರ ಮಾತ್ರ ಉಳಿದಿರುತ್ತದೆ.

ಮಂಜೇಶ್ವರದವಳು:
ಇಬ್ಬರಿಗೂ ಧನ್ಯವಾದ. ಅಣ್ಣ, ಕೋರಿ ರೊಟ್ಟಿ ಇರಲೆಂದು ಮಕ್ಕಳು ಹಟ ಹಿಡಿದಿದ್ದಾರೆ. ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬಾರದೆಂದು ಯಾರೋ ಹೇಳಿದರು, ಅದು ನಿಜವೇ?

ಉಪ್ಪಳದ ಹಳೆಯ ಬಾಣಸಿಗ:
ರೊಟ್ಟಿ ಇರಲಿ, ಮಕ್ಕಳ ಆಸೆಗೆ ಅಡ್ಡ ಬರುವುದು ಬೇಡ. ಆ ಸಾರಿಗೆ ತೆಂಗಿನ ಹಾಲನ್ನು ತುಸು ಹೆಚ್ಚಿಸಿ, ಉರಿ ತಗ್ಗುತ್ತದೆ. ಆದರೆ ದೊಡ್ಡವರ ಲೋಟದ ಪಕ್ಕ ಸುಕ್ಕವೂ ನೀರುದೋಸೆಯೂ ಇರಲಿ.

‘ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು’ ಎಂಬುದು ಚಳಿ ದೇಶದ ಕೋಣೆಗಳಿಗೆ ಹೇಳಿದ ಮಾತು. ಇದಕ್ಕೆ ಬೇಕಾದದ್ದು 16ರಿಂದ 18 ಡಿಗ್ರಿ ಸೆಲ್ಸಿಯಸ್. ನಮ್ಮ ಕರಾವಳಿಯಲ್ಲಿ ಈ ಕಾಲದ ಮಧ್ಯಾಹ್ನ 32 ಡಿಗ್ರಿಗಿಂತ ಕೆಳಗಿಳಿಯುವುದು ಕಷ್ಟ. ಆ ಬಿಸಿಯಲ್ಲಿ ಆಲ್ಕೋಹಾಲ್ ಮೂಗಿಗೆ ರಾಚುತ್ತದೆ, ಹಣ್ಣಿನ ರುಚಿ ಅಡಗಿಹೋಗುತ್ತದೆ. ಅತಿಥಿಗಳು ಬರುವ ಒಂದೂವರೆ ಎರಡು ಗಂಟೆ ಮೊದಲು ಫ್ರಿಜ್‌ನಲ್ಲಿಡಿ. ಬಾಟಲಿ ತೆರೆದ ಮೇಲೆ ಲೋಟಕ್ಕೆ ಕಾಲು ಭಾಗವಷ್ಟೇ ಸುರಿಯಿರಿ, ಘಮ ತುಂಬಿಕೊಳ್ಳಲು ಜಾಗ ಬೇಕು. ಉಳಿದರೆ ಬಿರಡೆ ಹಾಕಿ ಫ್ರಿಜ್‌ನಲ್ಲೇ ಇಡಿ, ಎರಡು ಮೂರು ದಿನ ಕೆಡುವುದಿಲ್ಲ.