ಘರ್ಷಣೆಯ ಫೋಟೋಗಳನ್ನು ಎಷ್ಟು ನಂಬೋದು?

ಪ್ರಶ್ನೆ: ಒಂದೇ ಪ್ರತಿಭಟನೆಯದು ಅಂತ ಎರಡು ಫೋಟೋ ಬಂದಿವೆ. ಒಂದರಲ್ಲಿ ಪೊಲೀಸರು ಲಾಠಿ ಎತ್ತಿದ್ದಾರೆ, ಇನ್ನೊಂದರಲ್ಲಿ ಜನ ಕಲ್ಲು ತೂರುತ್ತಿದ್ದಾರೆ. ರಸ್ತೆ ಅದೇ. ಯಾವುದು ನಿಜ?

ಉತ್ತರ 1: ಎರಡೂ ನಿಜ ಇರಬಹುದಲ್ವಾ? ಫೋಟೋ ಅಂದ್ರೆ ಒಂದು ಕ್ಷಣ ಅಷ್ಟೇ, ಅದಕ್ಕೂ ಮುಂಚೆ ಯಾರು ಯಾರನ್ನು ತಳ್ಳಿದರು ಅನ್ನೋದು ಅದರಲ್ಲಿ ಇರಲ್ಲ. ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೋ ಲೆನ್ಸ್ ಹಾಕಿ ದೂರದಿಂದ ತೆಗೆದರಂತೂ ಹತ್ತು ಹೆಜ್ಜೆ ಆಚೆ ಇರುವವರು ಮೈಮೇಲೆ ಬಿದ್ದ ಹಾಗೆ ಕಾಣುತ್ತಾರೆ. ಅಂಚು ಕತ್ತರಿಸಿದ್ದರೆ ಇನ್ನೂ ಕಷ್ಟ.

ಉತ್ತರ 2: ಹೊಡೆದಾಟವೇ ಇಲ್ಲದ ಫೋಟೋ ಜಾಸ್ತಿ ಹೇಳುತ್ತದೆ ಅಂತ ನನಗನ್ನಿಸುತ್ತದೆ. 2016ರಲ್ಲಿ ಅಮೆರಿಕದ ಬ್ಯಾಟನ್ ರೂಜ್ ನಗರದ ಪ್ರತಿಭಟನೆಯಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಗಾಗಿ ಜೊನಾಥನ್ ಬ್ಯಾಕ್‌ಮನ್ ತೆಗೆದದ್ದು ನೋಡಿ. ತೆಳು ಉಡುಪಿನ ಹೆಣ್ಣುಮಗಳು ಸುಮ್ನೆ ನಿಂತಿದ್ದಾರೆ, ರಕ್ಷಣಾ ಕವಚ ತೊಟ್ಟ ಇಬ್ಬರು ಪೊಲೀಸರು ಎದುರಿಗೆ ಬರುತ್ತಿದ್ದಾರೆ.

ಉತ್ತರ 3: ಮೊದಲು ಫೋಟೋ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹುಡುಕಿ, ಹಳೇ ಫೋಟೋ ಆಗಿದ್ದರೆ ಸಿಕ್ಕಿಬೀಳಬಹುದು. ಮತ್ತೆ, ಹಂಚುವ ಮುಂಚೆ ಮುಖಗಳನ್ನು ಮಸುಕು ಮಾಡಿ. ಯಾರಿಗೋ ಕೇಸು ಬಿದ್ದೀತು, ಯಾರದ್ದೋ ಕೆಲಸ ಹೋದೀತು.

ಪ್ರಶ್ನೆ ಕೇಳಿದವರು: ಹುಡುಕಿದೆ. ಕಲ್ಲಿನ ಫೋಟೋ ಮೂರು ವರ್ಷ ಹಳೆಯದಂತೆ! ಆಗಲೇ ನಾಲ್ಕು ಜನಕ್ಕೆ ಕಳಿಸಿಬಿಟ್ಟಿದ್ದೆ.