ಗೋಡೆಯ ತೇವಕ್ಕೆ ಬಣ್ಣ ಬಳಿಯುವ ಮೊದಲು, ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯುವುದು ಹೇಗೆ?

ಪ್ರಶ್ನೆ

ನಾವು ಎರಡು ಅಂತಸ್ತಿನ ಕಟ್ಟಡದ ಕೆಳಮನೆಯಲ್ಲಿದ್ದೇವೆ. ಮೇಲಿನ ಮನೆಯಲ್ಲಿ ಬೇರೊಂದು ಕುಟುಂಬವಿದೆ. ಈಗ ನಮ್ಮ ಮನೆಯ ಮೂರು ಕಡೆ ತೇವ ಕಾಣಿಸಿಕೊಂಡಿದೆ. ಮಲಗುವ ಕೋಣೆಯ ಸೀಲಿಂಗಿನಲ್ಲಿ ಕಂದು ಅಂಚಿನ ದುಂಡನೆಯ ಕಲೆ ಮೂಡಿದೆ. ಅದು ಕೆಲವು ದಿನ ಒಣಗಿದಂತೆ ಕಂಡು ಮತ್ತೆ ಹಸಿಯಾಗುತ್ತದೆ, ಪ್ರತಿ ಸಲವೂ ಅಂಚು ಸ್ವಲ್ಪ ಆಚೆಗೆ ಸರಿದಿರುತ್ತದೆ. ನಡುಮನೆಯ ಹೊರಗೋಡೆಯ ಬುಡದಲ್ಲಿ ಮೊಣಕಾಲೆತ್ತರದವರೆಗೆ ಬಣ್ಣ ಉಬ್ಬಿ, ಹಕ್ಕಳೆಯಾಗಿ ಉದುರುತ್ತಿದೆ. ಉದುರಿದ ಕಡೆ ಬೆರಳಾಡಿಸಿದರೆ ಬಿಳಿ ಪುಡಿ ಅಂಟಿಕೊಳ್ಳುತ್ತದೆ. ಮೂರನೆಯದು ಬಟ್ಟೆ ಬೀರುವಿನ ಹಿಂದಿನ ಮೂಲೆ. ಅಲ್ಲಿ ಕಪ್ಪು ಚುಕ್ಕೆಗಳಾಗಿ ಬೂಷ್ಟು ಹಿಡಿದಿದೆ, ಆದರೆ ಗಾರೆ ಗಟ್ಟಿಯಾಗಿಯೇ ಇದೆ.

ಪೇಂಟರ್ ಬಂದು ನೋಡಿ, ಮೂರೂ ಕಡೆ ಕೆರೆದು, ವಾಟರ್‌ಪ್ರೂಫ್ ಪುಟ್ಟಿ ಹಾಕಿ, ಮೇಲೊಂದು ಡ್ಯಾಂಪ್‌ಪ್ರೂಫ್ ಬಣ್ಣ ಬಳಿದರೆ ಸಾಕು ಎಂದಿದ್ದಾರೆ. ಮೂರಕ್ಕೂ ಮದ್ದು ಒಂದೇ ಎಂಬ ಮಾತು ನನಗೆ ಒಪ್ಪಿಗೆಯಾಗುತ್ತಿಲ್ಲ. ಗೋಡೆ ಒಡೆಸುವ ಮೊದಲು ನಾವೇ ಮಾಡಿ ನೋಡಬಹುದಾದ ಪರೀಕ್ಷೆಗಳಿದ್ದರೆ, ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ನೀವು ಹೇಳಿರುವ ಲಕ್ಷಣಗಳನ್ನು ನೋಡಿದರೆ ಮೂರು ಕಡೆಯೂ ನೀರು ಬರುವ ದಾರಿ ಬೇರೆ ಬೇರೆ: ಒಂದು ಮೇಲಿನಿಂದ ಸೋರುತ್ತಿದೆ, ಇನ್ನೊಂದು ನೆಲದಿಂದ ಏರುತ್ತಿದೆ, ಮೂರನೆಯದು ಕೋಣೆಯ ಗಾಳಿಯಲ್ಲಿರುವ ಆವಿಯೇ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿರುವುದು. ಒಳಮೈಗೆ ಬಳಿಯುವ ಲೇಪ ಇವುಗಳಲ್ಲಿ ಯಾವುದರ ಮೂಲವನ್ನೂ ಮುಟ್ಟುವುದಿಲ್ಲ. ಗೋಡೆಯೊಳಗಿನ ನೀರು ಹೊರಬೀಳಲು ದಾರಿಯಿಲ್ಲದೆ ಲೇಪವನ್ನೇ ಉಬ್ಬಿಸುತ್ತದೆ, ಇಲ್ಲವೇ ಲೇಪ ಮುಗಿಯುವಲ್ಲಿಗೆ ಸರಿದು ಅಲ್ಲಿ ಹೊಸ ಕಲೆಯಾಗಿ ಕಾಣಿಸಿಕೊಳ್ಳುತ್ತದೆ.

ಸೀಲಿಂಗಿನ ವಿಷಯದಲ್ಲಿ ಕಲೆಯ ಆಕಾರಕ್ಕಿಂತ ಅದು ಹಸಿಯಾಗುವ ಹೊತ್ತು ಹೆಚ್ಚು ಮಾತಾಡುತ್ತದೆ. ನಲ್ಲಿಗೆ ನೀರು ತರುವ ಪೈಪಿನಲ್ಲಿ ಸದಾ ಒತ್ತಡವಿರುವುದರಿಂದ, ಅದು ಸೀಳಿದ್ದರೆ ಕಲೆ ಹಗಲು ರಾತ್ರಿ ಒಂದೇ ಸಮನೆ ಹಸಿಯಾಗಿರುತ್ತದೆ. ಬಳಸಿದ ನೀರು ಹೊರಹೋಗುವ ಪೈಪ್ ಅಥವಾ ನೆಲದ ಟ್ರ್ಯಾಪಿನ (ನೆಲದ ಕಿಂಡಿಯ ಕೆಳಗೆ ಪೈಪಿಗೆ ಸೇರುವ ಬಟ್ಟಲಿನಂಥ ಭಾಗ) ಸುತ್ತ ಸಂದು ಬಿದ್ದಿದ್ದರೆ ಮೇಲಿನವರು ನೀರು ಬಳಸಿದಾಗ ಮಾತ್ರ ತೇವವಾಗುತ್ತದೆ. ಮಳೆ ಬಂದಾಗ ಮಾತ್ರ ಹಸಿಯಾಗುವುದಾದರೆ ಹೊರಗೋಡೆಯ ಬಿರುಕು, ಕಿಟಕಿಯ ಚೌಕಟ್ಟು ಅಥವಾ ತಾರಸಿಯ ಕಡೆ ನೋಡಬೇಕು. ನಿಮ್ಮದು ಒಣಗಿ ಹಸಿಯಾಗುತ್ತಿರುವ ಕಲೆಯಾದ್ದರಿಂದ ನನ್ನ ಅನುಮಾನವೆಲ್ಲ ಮೇಲಿನ ಸ್ನಾನದ ಮನೆಯ ಮೇಲಿದೆ, ಆ ಜಾಗದ ಮೇಲೆ ಅದು ಇದೆಯೆಂದಾದರೆ. ಕಲೆಯ ನೇರ ಮೇಲೆಯೇ ಇರಬೇಕೆಂದಿಲ್ಲ. ಸ್ಲ್ಯಾಬಿನ ಮೇಲೆ ಬಿದ್ದ ನೀರು ಇಳಿಜಾರು ಹಿಡಿದು ಹರಿದು, ಬಿರುಕೋ ವೈರಿನ ಪೈಪೋ ಸಿಕ್ಕಿದ ಕಡೆ ಕೆಳಗಿಳಿಯುತ್ತದೆ.

ಮೇಲಿನವರ ಒಪ್ಪಿಗೆ ಪಡೆದು ಎರಡು ಪರೀಕ್ಷೆ ಮಾಡಿ. ಮೊದಲಿಗೆ ಅವರ ನಲ್ಲಿಗಳನ್ನೆಲ್ಲ ಮುಚ್ಚಿಸಿ, ಫ್ಲಶ್ ಟ್ಯಾಂಕ್ ತುಂಬಿದ ಮೇಲೆ ನೀರಿನ ಮೀಟರಿನ ಅಂಕಿ ಬರೆದುಕೊಂಡು, 2 ಗಂಟೆ ಯಾರೂ ನೀರು ಮುಟ್ಟದಂತೆ ನೋಡಿಕೊಂಡು ಮತ್ತೆ ಓದಿ. ನಡುವೆ ಓವರ್‌ಹೆಡ್ ಟ್ಯಾಂಕ್ ಇದ್ದರೆ ಮೀಟರಿನಿಂದ ಏನೂ ತಿಳಿಯುವುದಿಲ್ಲ; ಆಗ ಟ್ಯಾಂಕಿಗೆ ನೀರು ಬರುವ ವಾಲ್ವನ್ನು ಮುಚ್ಚಿ, ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ ನೋಡಬೇಕು. ಮಟ್ಟ ಇಳಿಯದಿದ್ದರೆ ಒತ್ತಡದ ಪೈಪಿನ ಮೇಲಿನ ಅನುಮಾನ ಬಹುಮಟ್ಟಿಗೆ ಹೋಗುತ್ತದೆ. ಎರಡನೆಯದಾಗಿ, ಸ್ನಾನದ ಮನೆಯ ನೆಲದ ಕಿಂಡಿಯನ್ನು ಗಟ್ಟಿಯಾಗಿ ಮುಚ್ಚಿ, 2 ಸೆಂಟಿಮೀಟರಿನಷ್ಟು ನೀರು ನಿಲ್ಲಿಸಿ 24 ಗಂಟೆ ಬಿಡಿ. ಆಗ ಕೆಳಗೆ ತೇವವಾದರೆ ದೋಷ ನೆಲದಲ್ಲಿ. ಆಗದಿದ್ದರೆ ಆ ನೀರಿಗೆ ಬಣ್ಣ ಬೆರೆಸಿ ಕಿಂಡಿ ತೆರೆಯಿರಿ. ಆ ಬಣ್ಣ ನಿಮ್ಮ ಸೀಲಿಂಗಿನಲ್ಲಿ ಕಂಡರೆ ದೋಷ ಟ್ರ್ಯಾಪಿನಲ್ಲಿ ಅಥವಾ ಅದರಾಚೆಯ ಪೈಪಿನಲ್ಲಿ. ಟೈಲ್ಸ್ ಹಾಕಿದ್ದರಿಂದಲೇ ನೆಲದಲ್ಲಿ ನೀರು ಇಳಿಯುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ನೀರನ್ನು ತಡೆಯುವುದು ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಪದರ, ಅದು ಸೀಳಿದ್ದರೆ ಸಂದುಗಳಿಗೆ ಎಷ್ಟು ಗ್ರೌಟ್ ತುಂಬಿದರೂ ಅದು ತಾತ್ಕಾಲಿಕವೇ.

ಇದನ್ನು ಮುಂದಕ್ಕೆ ಹಾಕಬೇಡಿ. ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕಾದಾಗ ಮೂಲ ಗಾತ್ರದ ಎರಡರಿಂದ ಆರು ಪಟ್ಟು ಹಿಗ್ಗಬಲ್ಲದು, ಆ ಒತ್ತಡಕ್ಕೆ ಕಾಂಕ್ರೀಟ್ ಸಿಡಿದು ತುಂಡಾಗಿ ಬೀಳುತ್ತದೆ. ಕಂಬಿಯ ಸಾಲಿಗೆ ಸರಿಯಾಗಿ ನೇರವಾದ ಬಿರುಕು ಮೂಡಿ, ತುಕ್ಕಿನ ಬಣ್ಣ ಇಳಿದಿದ್ದರೆ ಪ್ಲಂಬರ್ ಮಾತ್ರ ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ನೋಡಬೇಕು.

ಗೋಡೆಯ ಬುಡದ ಬಿಳಿ ಪುಡಿ ಲವಣ. ಇಟ್ಟಿಗೆ ಮತ್ತು ಗಾರೆಯ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಮೇಲೇರಿ, ಗೋಡೆಯ ಮೈಯಲ್ಲಿ ಆವಿಯಾಗಿ, ತನ್ನೊಂದಿಗೆ ತಂದ ಲವಣವನ್ನು ಅಲ್ಲೇ ಬಿಡುತ್ತದೆ. ಹೀಗೆ ಏರುವ ತೇವ ಸಾಮಾನ್ಯವಾಗಿ 1 ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದಕ್ಕಿಂತ ಬಹಳ ಮೇಲಿದ್ದರೆ ಬೇರೆ ಮೂಲ ಹುಡುಕಬೇಕು. ನೆಲದ ನೀರು ಏರದಂತೆ ತಳಪಾಯದ ಮೇಲೆ ಹಾಕಿರಬೇಕಾದ ಡ್ಯಾಂಪ್‌ಪ್ರೂಫ್ ಪದರ ಹಾಳಾಗಿದ್ದರೆ ಗೋಡೆಗೆ ರಂಧ್ರ ಕೊರೆದು ರಾಸಾಯನಿಕ ತುಂಬಿಸುವ ಪದ್ಧತಿಯಿದೆ, ನಿಮಗೆ ಅದೇ ಬೇಕಾಗಬಹುದು.

ಬೀರುವಿನ ಹಿಂದಿನ ಬೂಷ್ಟಿಗೆ ಸೋರಿಕೆ ಕಾರಣವಲ್ಲ ಎನಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್ ಶಾಖ, ಶೇ. 60 ತೇವಾಂಶವಿರುವ ಕೋಣೆಯ ಗಾಳಿ ಸುಮಾರು 17 ಡಿಗ್ರಿಯ ಗೋಡೆಗೆ ತಾಗಿದರೆ ಸಾಕು, ನೀರು ಕೂಡಲಾರಂಭಿಸುತ್ತದೆ. ಬೀರು ಗೋಡೆಗೆ ಅಂಟಿಕೊಂಡಿದ್ದರೆ ಅಲ್ಲಿ ಗಾಳಿಯಾಡುವುದಿಲ್ಲ, ಗೋಡೆ ಬೆಚ್ಚಗಾಗುವುದೂ ಇಲ್ಲ. ಖಚಿತಪಡಿಸಿಕೊಳ್ಳಲು ಗೋಡೆಯನ್ನು ಒರೆಸಿ ಒಣಗಿಸಿ, ಒಂದು ಅಡಿ ಚೌಕದ ಅಲ್ಯೂಮಿನಿಯಂ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹನಿಗಳು ನಿಮ್ಮತ್ತ ಇರುವ ಮೈಮೇಲಿದ್ದರೆ ನೀರು ಗಾಳಿಯದು, ಹಾಳೆಯ ಹಿಂದಿದ್ದರೆ ಗೋಡೆಯದು. ಇದೇ ಹಾಳೆಯನ್ನು ನಡುಮನೆಯ ಗೋಡೆಗೂ ಹಚ್ಚಿ ನೋಡಬಹುದು.

ಉತ್ತರ 2

ನೀರು ಬರುವ ದಾರಿಯ ಬಗ್ಗೆ ಮೊದಲ ಉತ್ತರದವರು ಚೆನ್ನಾಗಿ ಬರೆದಿದ್ದಾರೆ. ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ, ಬರುತ್ತಿರುವ ನೀರು ಎಂಥದ್ದು ಎಂಬುದು. ನೀರಿನಿಂದಾದ ಹಾನಿ ಸರಿಪಡಿಸುವವರು ಅನುಸರಿಸುವ, ಆ ಕೆಲಸಗಳಿಗೆ ಮಾನದಂಡ ರೂಪಿಸುವ ಐಐಸಿಆರ್‌ಸಿ ಸಂಸ್ಥೆಯ ಎಸ್500 ಮಾನದಂಡ ನೀರನ್ನು ಮೂರು ವರ್ಗ ಮಾಡುತ್ತದೆ: ನಲ್ಲಿಯ ಪೈಪಿನಿಂದ ಬಂದ ಶುದ್ಧ ನೀರು, ಬಟ್ಟೆ ಒಗೆಯುವ ಯಂತ್ರದಂಥವುಗಳಿಂದ ಬಂದ ಬಳಸಿದ ನೀರು, ಶೌಚಾಲಯದ ಅಥವಾ ಪ್ರವಾಹದ ಕೊಳಕು ನೀರು. ಮೊದಲ ವರ್ಗದ ನೀರೂ ಕಾರ್ಪೆಟ್, ಮರ, ಧೂಳುಗಳಲ್ಲಿ ನಿಂತಷ್ಟು ಹೊತ್ತೂ ಕೆಡುತ್ತಾ ಕೆಳಗಿನ ವರ್ಗಕ್ಕೆ ಇಳಿಯುತ್ತದೆ. ಶುದ್ಧ ನೀರಿನಲ್ಲಿ ನೆನೆದ ಹಾಸಿಗೆಯನ್ನು ಬೇಗ ಒಣಗಿಸಿ ಉಳಿಸಿಕೊಳ್ಳಬಹುದು. ಮಲಿನ ನೀರು ಹೊಕ್ಕ ಹಾಸಿಗೆ, ಕಾರ್ಪೆಟ್, ಜಿಪ್ಸಮ್ ಬೋರ್ಡುಗಳನ್ನು ಎಸೆಯುವುದೇ ಸರಿ. ಪಾರ್ಟಿಕಲ್ ಬೋರ್ಡಿನ ಕಪಾಟು ಒಮ್ಮೆ ಉಬ್ಬಿದರೆ, ನೀರು ಯಾವುದೇ ಆಗಿರಲಿ, ಮೊದಲಿನಂತಾಗುವುದಿಲ್ಲ.

ಒದ್ದೆಯಾದದ್ದು 24ರಿಂದ 48 ಗಂಟೆಯೊಳಗೆ ಒಣಗಬೇಕು. ಮೀರಿದರೆ ಬೂಷ್ಟು ಹಿಡಿಯುವ ಸಾಧ್ಯತೆ ಬಲವಾಗುತ್ತದೆ. ಆದರೆ ಈಗಾಗಲೇ ಬೂಷ್ಟು ಹಿಡಿದ ಜಾಗಕ್ಕೆ ಫ್ಯಾನ್ ತಿರುಗಿಸಬೇಡಿ, ಅದರ ಕಣಗಳು ಮನೆಯೆಲ್ಲ ಹರಡುತ್ತವೆ. ಮಾಸ್ಕ್, ಕೈಗವಸು ತೊಟ್ಟು, ಸಾಬೂನಿನ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ. ಬ್ಲೀಚನ್ನು ಆಸಿಡ್ ಅಥವಾ ಅಮೋನಿಯಾ ಇರುವ ಕ್ಲೀನರ್ ಜೊತೆ ಬೆರೆಸಿದರೆ ವಿಷಾನಿಲ ಏಳುತ್ತದೆ.

ಸೀಲಿಂಗಿನ ಕಲೆಯ ಹತ್ತಿರ ದೀಪವೋ ಫ್ಯಾನಿನ ಕೊಕ್ಕೆಯೋ ಇದ್ದರೆ ಆ ಸರ್ಕ್ಯೂಟನ್ನು ಈಗಲೇ ಆಫ್ ಮಾಡಿಸಿ. ಫಾಲ್ಸ್ ಸೀಲಿಂಗ್ ಆಗಿದ್ದು ಅದು ಜೋತುಬಿದ್ದಿದ್ದರೆ ಅಡಿಯಲ್ಲಿ ನಿಲ್ಲಬೇಡಿ: ಒಂದು ಚದರ ಮೀಟರಿನಲ್ಲಿ 1 ಸೆಂಟಿಮೀಟರ್ ನೀರು ನಿಂತರೂ ಅದರ ತೂಕ 10 ಕಿಲೋ.

ಪ್ರಶ್ನೆ ಕೇಳಿದವರ ಮರುಬರಹ

ಇಬ್ಬರಿಗೂ ಧನ್ಯವಾದಗಳು. ಮೇಲಿನ ಮನೆಯವರು ಸಹಕರಿಸಿದರು. ಟ್ಯಾಂಕಿನ ಮಟ್ಟ ಇಳಿಯಲಿಲ್ಲ. ಕಿಂಡಿ ಮುಚ್ಚಿ ನೀರು ನಿಲ್ಲಿಸಿದಾಗ ಕೆಳಗೆ ಏನೂ ಆಗಲಿಲ್ಲ. ಬಣ್ಣದ ನೀರನ್ನು ಕಿಂಡಿಯೊಳಗೆ ಬಿಟ್ಟ ಮೇಲೆ ಕಲೆಯ ಒಂದು ಅಂಚಿನಲ್ಲಿ ಅದೇ ಬಣ್ಣ ತೆಳುವಾಗಿ ಇಳಿಯಿತು. ಅಲ್ಯೂಮಿನಿಯಂ ಹಾಳೆಯನ್ನು ಬಿಡಿಸಿದಾಗ, ಬೀರುವಿನ ಮೂಲೆಯಲ್ಲಿ ಹನಿಗಳು ಹೊರಮೈಯಲ್ಲಿದ್ದವು, ನಡುಮನೆಯ ಗೋಡೆಯಲ್ಲಿ ಹಿಂಬದಿಯಲ್ಲಿದ್ದವು. ಆ ಗೋಡೆಯ ಹೊರಗೆ ಗಿಡಗಳ ಪಾತಿಯಿದೆ. ಅದರ ಮಣ್ಣು ನಮ್ಮ ಒಳನೆಲಕ್ಕಿಂತ ಎತ್ತರವಾಗಿದೆ. ಹಾಗಾದರೆ ರಾಸಾಯನಿಕ ತುಂಬಿಸುವ ಕೆಲಸ ಬೇಕೇ? ಎಲ್ಲ ಸರಿಯಾದ ಎಷ್ಟು ದಿನಕ್ಕೆ ಬಣ್ಣ ಬಳಿಯಬಹುದು? ವಿಮೆಯಿಂದ ಏನಾದರೂ ಸಿಗುವುದೇ?

ಉತ್ತರ 3

ರಾಸಾಯನಿಕದ ವಿಷಯದಲ್ಲಿ ನಾನು ಮೊದಲ ಉತ್ತರವನ್ನು ಒಪ್ಪುವುದಿಲ್ಲ. ಪಾತಿಯ ಸಂಗತಿ ಆಗ ಗೊತ್ತಿರಲಿಲ್ಲವಾದ್ದರಿಂದ ಅದು ಅವರ ದೋಷವೂ ಅಲ್ಲ. ಹೊರಗಿನ ಮಣ್ಣು ಡ್ಯಾಂಪ್‌ಪ್ರೂಫ್ ಪದರಕ್ಕಿಂತ ಕನಿಷ್ಠ 150 ಮಿಲಿಮೀಟರ್ ಕೆಳಗಿರಬೇಕು. ನಿಮ್ಮಲ್ಲಿ ಮಣ್ಣು ಆ ಪದರವನ್ನೇ ದಾಟಿ ಮೇಲೇರಿ ಗೋಡೆಗೆ ಒತ್ತಿಕೊಂಡಿರುವಂತಿದೆ. ಪದರ ಗಟ್ಟಿಯಾಗಿದ್ದರೂ ನೀರು ಅದರ ಮೇಲಿನಿಂದಲೇ ಗೋಡೆಗೆ ಸೇರುತ್ತದೆ, ಜೊತೆಗೆ ಗಿಡಗಳಿಗೆ ಹಾಕುವ ನೀರು ಬೇರೆ. ಮೊದಲು ಪಾತಿಯನ್ನು ಗೋಡೆಯಿಂದ ದೂರ ಸರಿಸಿ, ಮಣ್ಣು ತಗ್ಗಿಸಿ, ನೆಲದ ಇಳಿಜಾರು ಗೋಡೆಯಿಂದ ಹೊರಮುಖವಾಗಿರುವಂತೆ ಮಾಡಿಸಿ. ಗೋಡೆ ಒಣಗತೊಡಗಿದರೆ ರಂಧ್ರ ಕೊರೆಯುವ ಖರ್ಚೇ ಉಳಿಯುತ್ತದೆ. ಗುತ್ತಿಗೆದಾರರು ಇದನ್ನು ಮೊದಲು ಹೇಳುವುದು ಅಪರೂಪ, ಏಕೆಂದರೆ ಮಣ್ಣು ತೆಗೆಯುವುದರಲ್ಲಿ ಅವರಿಗೆ ಕೆಲಸ ಕಡಿಮೆ.

ಒಣಗುವುದಕ್ಕೆ ದಿನಗಳ ಲೆಕ್ಕ ಹಾಕಬೇಡಿ. ಗೋಡೆಗೆ ಸಾಮಾನ್ಯವಾಗಿ ಹೇಳುವ ಅಂದಾಜು 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು. ಒಂಬತ್ತು ಇಂಚಿನ ಗೋಡೆ ಎರಡೂ ಬದಿಯಿಂದ ಒಣಗಿದರೂ ಅದು ತಿಂಗಳುಗಳ ಮಾತು. ಉಬ್ಬಿದ ಬಣ್ಣವನ್ನೂ ಸಡಿಲವಾದ ಗಾರೆಯನ್ನೂ ತೇವದ ಗುರುತಿಗಿಂತ ಒಂದು ಅಡಿ ಮೇಲಿನವರೆಗೆ ಕೆತ್ತಿಸಿ ಹಾಗೆಯೇ ಬಿಟ್ಟರೆ ಬೇಗ ಒಣಗುತ್ತದೆ, ಲವಣ ತುಂಬಿದ ಗಾರೆಯೂ ಹೋಗುತ್ತದೆ. ಅದನ್ನು ಉಳಿಸಿದರೆ, ಕೆಲವು ಲವಣಗಳು ಗಾಳಿಯ ತೇವವನ್ನೇ ಹೀರುವುದರಿಂದ, ನೆಲದ ನೀರು ನಿಂತ ಮೇಲೂ ಗೋಡೆ ಹಸಿಯಾಗಿ ಕಾಣುತ್ತಿರುತ್ತದೆ. ಬಿಳಿ ಪುಡಿಯನ್ನು ಒಣ ಬ್ರಷ್ಷಿನಿಂದ ಉಜ್ಜಿ ಗುಡಿಸಿ ತೆಗೆಯಿರಿ. ತೊಳೆದರೆ ಅದು ಕರಗಿ ಮತ್ತೆ ಗೋಡೆಗೇ ಸೇರುತ್ತದೆ. ಯಾರಾದರೂ ತೇವ ಅಳೆಯುವ ಮೀಟರ್ ತಂದು ಚುಚ್ಚಿ ಶೇಕಡಾ ಲೆಕ್ಕ ಹೇಳಿದರೆ ಪೂರ್ತಿ ನಂಬಬೇಡಿ. ಆ ಮೀಟರುಗಳಲ್ಲಿ ಹೆಚ್ಚಿನವು ಮರಕ್ಕೆ ಹೊಂದಿಸಿದಂಥವು, ಲವಣವಿದ್ದರೆ ಅಂಕಿ ಏರಿಸಿ ತೋರಿಸುತ್ತವೆ. ಅದೇ ಮನೆಯ ಒಣಗೋಡೆಯ ಅಂಕಿಗೆ ಹೋಲಿಸಿ ನೋಡಿದಾಗ ಮಾತ್ರ ಅದಕ್ಕೆ ಅರ್ಥ.

ಬೀರುವನ್ನು ಗೋಡೆಯಿಂದ ನಾಲ್ಕೈದು ಬೆರಳಗಲ ಈಚೆಗೆ ಎಳೆದಿಡಿ. ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿದ್ದಾಗ ಮಾತ್ರ ಕಿಟಕಿ ತೆರೆಯುವುದರಿಂದ ಪ್ರಯೋಜನ. ಡಿಹ್ಯುಮಿಡಿಫೈಯರ್ ಓಡಿಸುವುದಾದರೆ ಕಿಟಕಿ ಮುಚ್ಚಿರಲಿ, ಇಲ್ಲದಿದ್ದರೆ ಅದು ಬೀದಿಯ ಗಾಳಿಯನ್ನು ಒಣಗಿಸುತ್ತಿರುತ್ತದೆ. ಕೋಣೆಯ ತೇವಾಂಶ ಶೇ. 60 ಮೀರದಿದ್ದರೆ ಆ ಮೂಲೆಗೆ ಬೇರೆ ಚಿಕಿತ್ಸೆ ಬೇಕಾಗಲಾರದು.

ಸೀಲಿಂಗನ್ನು ಮುಟ್ಟುವ ಮೊದಲು ಟ್ರ್ಯಾಪಿನ ಕೆಲಸ ಮುಗಿದು, ಬಣ್ಣದ ನೀರಿನ ಪರೀಕ್ಷೆ ಮತ್ತೊಮ್ಮೆ ಆಗಲಿ. ಟ್ರ್ಯಾಪಿನ ಸುತ್ತ ನೆಲ ಒಡೆದಾಗ ವಾಟರ್‌ಪ್ರೂಫಿಂಗ್ ಪದರವೂ ಅಷ್ಟಗಲ ಹರಿದಿರುತ್ತದೆ. ಹೊಸ ಪದರವನ್ನು ಹಳೆಯದರ ಮೇಲೆ ಹಾಯಿಸಿ, ಟ್ರ್ಯಾಪಿನ ಬಾಯಿಯೊಳಕ್ಕೆ ಇಳಿಸಿ ಮುಗಿಸಬೇಕೆಂದು ಒತ್ತಿ ಹೇಳಿ, ಟೈಲ್ಸ್ ಹಾಕುವ ಮುನ್ನ ನೀರು ನಿಲ್ಲಿಸಿ ನೋಡಿ. ಕಲೆ ಪೂರ್ತಿ ಒಣಗಿದ ಮೇಲೆ ಕಲೆ ತಡೆಯುವ ಪ್ರೈಮರ್ ಬಳಿಯದಿದ್ದರೆ ಕಂದು ಬಣ್ಣ ಹೊಸ ಬಣ್ಣದ ಮೇಲೂ ಮೂಡುತ್ತದೆ.

ವಿಮೆಯಲ್ಲಿ ಹೆಚ್ಚಿನ ಪಾಲಿಸಿಗಳು ಪೈಪ್ ಒಡೆದಂಥ ಹಠಾತ್ ಹಾನಿಗೂ ಬಹುಕಾಲದಿಂದ ಜಿನುಗುವ ಹಾನಿಗೂ ಭೇದ ಮಾಡುತ್ತವೆ, ಎರಡನೆಯದನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ನಿಮ್ಮ ಮೂರರಲ್ಲಿ ಸೀಲಿಂಗಿನದಕ್ಕೆ ಮಾತ್ರ ಅಲ್ಪ ಅವಕಾಶವಿದ್ದೀತು, ಅದೂ ಮೇಲಿನ ಮನೆಯ ಪಾಲಿಸಿಯಲ್ಲಿರಬಹುದು. ದುರಸ್ತಿಗೆ ಮೊದಲು ದಿನಾಂಕ ಕಾಣುವಂತೆ ಫೋಟೋ ತೆಗೆದು ವಿಮೆಯವರಿಗೆ ತಿಳಿಸಿ, ತೆಗೆದ ಟ್ರ್ಯಾಪನ್ನು ಎಸೆಯದೆ ಇಟ್ಟುಕೊಳ್ಳಿ. ಅವರ ಪರಿಶೀಲನೆಗೆ ಕಾಯುವ ನೆಪದಲ್ಲಿ ಸೋರಿಕೆಯನ್ನು ಹಾಗೇ ಬಿಡುವುದು ಬೇಡ. ಹಾನಿ ಹೆಚ್ಚದಂತೆ ತಡೆಯುವ ಹೊಣೆಯನ್ನು ಪಾಲಿಸಿಗಳು ಮನೆಯವರ ಮೇಲೆಯೇ ಹಾಕಿರುತ್ತವೆ.